ಕಮಾನಿನ ದುಡ್ಡು

ಶಾಂತಕುಮಾರಿ ದಿನಾ ಬೆಳಿಗ್ಗೆ ಪಂಚಾಯಿತಿ ಕಚೇರಿಯ ಬೀಗ ತೆಗೆದು, ಕಂಪ್ಯೂಟರ್ ಹಾಕಿ, ಮೊದಲು ಅದಕ್ಕೆ ಇವತ್ತಿನ ತಾರೀಖು ಹೇಳಿಕೊಡಬೇಕಿತ್ತು. ಹದಿನೇಳು ವರ್ಷದ ಯಂತ್ರ. ಕರೆಂಟು ಹೋಗಿ ಬಂದರೆ ಸಾಕು, 2009ರ ಜನವರಿ ಒಂದಕ್ಕೆ ಹೋಗಿ ಕೂತುಬಿಡುತ್ತಿತ್ತು. ಹಳ್ಳಿ ಕಡೆ ಕರೆಂಟಿನ ವಿಷಯ ಗೊತ್ತೇ ಇದೆಯಲ್ಲ.

ಹೊಸದು ಬೇಕೆಂದು ಅವಳು ಮೂರು ಸಲ ಬರೆದುಕೊಟ್ಟ ಮೇಲೆ ಒಂದು ದಿನ ಸದಸ್ಯರ ಸಭೆಯಲ್ಲಿ ವಿಷಯ ಚರ್ಚೆಗೆ ಬಂತು. ಪಂಚಾಯಿತಿ ಕೈಯಲ್ಲಿದ್ದ ಹಣ ಒಂದೇ ಕೆಲಸಕ್ಕಾಗುವಷ್ಟು. ಕಂಪ್ಯೂಟರ್ ತರಬೇಕು, ಇಲ್ಲವೇ ಊರಬಾಗಿಲಿಗೆ ಕಮಾನು ಕಟ್ಟಿಸಬೇಕು. ಕಮಾನಿನ ಮೇಲೆ ಅಧ್ಯಕ್ಷ ನಂಜುಂಡಪ್ಪನವರ ತಂದೆಯ ಹೆಸರು ಬರುವುದಿತ್ತು.

"ಕಮಾನು ಐವತ್ತು ವರ್ಷ ನಿಲ್ತದೆ ಕಣಮ್ಮ. ನಿನ್ ಕಂಪ್ಯೂಟರ್ ಐದು ವರ್ಷಕ್ಕೆ ಹಳೇದಾಯ್ತದೆ," ಎಂದರು ಸದಸ್ಯ ದಯಾನಂದ್. ಮಾತಿನಲ್ಲಿ ಸುಳ್ಳೇನಿರಲಿಲ್ಲ.

"ಆ ಐದು ವರ್ಷದಲ್ಲಿ ಎಷ್ಟು ಜನರ ಕೆಲ್ಸ ಆಗಿರ್ತದೆ ನೋಡಿ ಸಾರ್," ಎಂದಳು ಶಾಂತಕುಮಾರಿ.

"ಇರೋದಕ್ಕೆ ಎರಡೇಟು ತಟ್ಟು, ಓಡ್ತದೆ ಬುಡು," ಎಂದು ನಂಜುಂಡಪ್ಪ ನಕ್ಕರು. ಸಭೆಯೂ ನಕ್ಕಿತು.

ಅಷ್ಟರಲ್ಲಿ ಗೊಲ್ಲರಹಟ್ಟಿಯ ಮಂಜಮ್ಮ ಬಾಗಿಲಲ್ಲಿ ಬಂದು ನಿಂತಳು. ಕುರಿಗಳನ್ನು ನಾದಿನಿಗೆ ಒಪ್ಪಿಸಿ ಮೂರನೇ ಸಲ ಬಂದಿದ್ದಳು. ವಿಧವೆಯರಿಗೆ ಮನೆ ಕೊಡುವ ಅರ್ಜಿಗೆ ಅಂದು ಸಂಜೆ ಐದು ಗಂಟೆಯೇ ಕೊನೆ. ಪಂಚಾಯಿತಿ ಕೊಟ್ಟ ದೃಢೀಕರಣ ಪತ್ರ ತುರುವೇಕೆರೆಯ ತಾಲ್ಲೂಕು ಕಚೇರಿಯಿಂದ ವಾಪಸ್ ಬಂದಿತ್ತು. ಪ್ಲಾಸ್ಟಿಕ್ ಕವರಿನಿಂದ ಅದನ್ನು ತೆಗೆದು ನಂಜುಂಡಪ್ಪನವರ ಮುಂದೆ ಹಿಡಿದಳು.

"ಓದಾಕೆ ಬರಾಕಿಲ್ಲ ಸ್ವಾಮಿ. ಏನ್ ತಪ್ಪೈತೆ, ವಸಿ ನೋಡಿ."

ಪತ್ರದಲ್ಲಿ ಇದ್ದದ್ದು ಇಷ್ಟು: ಮಂಜಮ್ಮ, ದಿವಂಗತ ಚಿತ್ತೇಶ್ ಅವರ ಪತ್ನಿ, ವಿಧವೆ. ಕೆಳಗೆ ನಂಜುಂಡಪ್ಪನವರದೇ ಸಹಿ. ಮೇಲೆ ತಾರೀಖು: 2009ರ ಜನವರಿ ಒಂದು. ಅವರು ಗಟ್ಟಿಯಾಗಿ ಓದಿದರು. ಶಾಂತಕುಮಾರಿಯ ಮುಖ ಸಣ್ಣಗಾಯಿತು. ಆ ಪತ್ರ ತೆಗೆದ ಸೋಮವಾರ ಎರಡು ಸಲ ಕರೆಂಟು ಹೋಗಿತ್ತು, ಒಂದು ಸಲ ತಾರೀಖು ಸರಿಮಾಡಲು ಮರೆತಿದ್ದಳು.

ಮಂಜಮ್ಮ ಸ್ವಲ್ಪ ಯೋಚಿಸಿದಳು. "ಒಂಬತ್ತನೇ ಇಸ್ವೀಲಾ? ಆವಾಗ ನಮ್ಮೆಜಮಾನ್ರು ಗುಂಡುಕಲ್ಲಿನಂಗಿದ್ರು ಸ್ವಾಮಿ. ಕಿರೀಮಗ ಹೊಟ್ಟೇಲಿದ್ದ. ಅವ್ರು ಹೋಗಿ ನಾಕು ವರ್ಷ ಆತು, ಅಷ್ಟೇಯ."

ಅವಳು ಸಿಟ್ಟಾಗಿದ್ದರೆ ಚೆನ್ನಾಗಿರುತ್ತಿತ್ತು. ಆಗಲಿಲ್ಲ. ನಂಜುಂಡಪ್ಪನವರಿಗೆ ನಾಚಿಕೆಯಾಯಿತು. ನೋಡದೆ ಸಹಿ ಹಾಕಿದ್ದು ಅವರೇ.

ಶಾಂತಕುಮಾರಿ ಓಡಿಹೋಗಿ ಬೇರೆ ಪತ್ರ ತೆಗೆಯಲು ನೋಡಿದಳು. ಕಂಪ್ಯೂಟರ್ ಕಣ್ಣೇ ಬಿಡಲಿಲ್ಲ. ನಂಜುಂಡಪ್ಪ ಕಚೇರಿಯ ಹಾಳೆ ತರಿಸಿ, ಕೈಯಲ್ಲೇ ಬರೆದು, ಸಹಿ ಮಾಡಿ, ಮೊಹರು ಒತ್ತಿ ಎದ್ದರು.

"ನಡಿಯವ್ವ, ನಾನೂ ಬತ್ತೀನಿ."

"ಸಭೆ ಅರ್ಧಕ್ಕೆ ನಿಂತೈತಲ್ಲ," ಎಂದರು ದಯಾನಂದ್. "ಕಮಾನಿಂದು ಏನಂತ ಬರೆಯೋದು?"

"ಬದುಕಿದ್ ಗಂಡನ್ನ ಸತ್ತ ಅಂತ ಬರ್ಕೊಟ್ಟಿರೋ ಪಂಚಾಯ್ತಿಗೆ ಕಮಾನು ಯಾಕ್ಲಾ? ನಮ್ಮಪ್ಪನ ಹೆಸರು ಅದ್ರ ಮ್ಯಾಲೆ ಬ್ಯಾಡ. ಎಲ್ರೂ ಒಪ್ಪೋದಾದ್ರೆ ಕಂಪ್ಯೂಟರ್ ಅಂತ ಬರಿ."

ಯಾರೂ ಬೇಡವೆನ್ನಲಿಲ್ಲ. ಶಾಂತಕುಮಾರಿ ಬರೆದ ಠರಾವನ್ನು ಪೂರ್ತಿ ಓದಿ ಸಹಿ ಹಾಕಿ, ನಂಜುಂಡಪ್ಪ ಮಂಜಮ್ಮನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಟರು.

ಅವರು ತುರುವೇಕೆರೆ ಮುಟ್ಟಿದಾಗ ಐದಕ್ಕೆ ಇಪ್ಪತ್ತು ನಿಮಿಷವಿತ್ತು. ಗುಮಾಸ್ತ ಎರಡೂ ಪತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದ.

"ಯಾರ್ದಿದು ತಪ್ಪು?"

"ನಂದೇ ಕಣ್ರೀ," ಎಂದರು ನಂಜುಂಡಪ್ಪ. "ದುಡ್ಡಿದ್ದೂ ಕಂಪ್ಯೂಟರ್ ತರದೆ ಕೂತಿದ್ದವನು ನಾನು. ಬೇಕಾದ್ರೆ ಅದನ್ನೂ ಬರ್ಕೊಡ್ತೀನಿ."

ಗುಮಾಸ್ತ ಅರ್ಜಿ ತೆಗೆದುಕೊಂಡ.