ನೊಣಕ್ಕೆ ಬೇಕಾದ ಗರಿ

ಬೆನ್ನುಚೀಲದಲ್ಲಿ ಖಾರದಪುಡಿಗೆ ಜಾಗ ಕೊಡಬೇಕೋ ಬೇಡವೋ ಎಂಬ ಪ್ರಶ್ನೆ ಇತ್ಯರ್ಥವಾಗುವವರೆಗೆ ಇನ್ನಾವ ಮಾತೂ ಮುಂದಕ್ಕೆ ಹೋಗುವಂತಿರಲಿಲ್ಲ. ಎರಡು ದೇಶದವರು ಗಡಿಯ ವಿಚಾರಕ್ಕೆ ಕೂರುವ ಗಾಂಭೀರ್ಯದಲ್ಲಿ ರಘುನಂದನ್, ಪುಟ್ಟರಾಜು ಇಬ್ಬರೂ ಕೆರೆ ಏರಿಯ ಮೇಲೆ ಎದುರುಬದುರು ಕೂತಿದ್ದರು. ನಡುವೆ ರಘುನಂದನ್ ತನ್ನ ಅಡಿಗೆಮನೆಯಿಂದ ತಂದಿದ್ದ ಪುಟ್ಟ ತಕ್ಕಡಿ. ತಕ್ಕಡಿಯ ಮೇಲೆ ಖಾರದಪುಡಿಯ ಪೊಟ್ಟಣ.

"ಇನ್ನೂರು ಗ್ರಾಂ ಕಣ್ಲಾ ಪುಟ್ಟ. ಬೆನ್ನ ಮೇಲೆ ಹನ್ನೆರಡು ಕೆಜಿ ಮೀರಂಗಿಲ್ಲ. ಟೆಂಟು, ಒಲೆ, ಅಕ್ಕಿ, ಮಲಗೋ ಚೀಲ, ಎಲ್ಲಾನೂ ಹೊತ್ಕೊಂಡು ಮೂರು ದಿನ ಬೆಟ್ಟ ಹತ್ಬೇಕು. ಇದ್ಯಾಕೆ?"

"ಮೀನು ಹಿಡಿಯಾಕೋಯ್ತಾ ಖಾರದಪುಡಿ ಯಾಕೆ ಅಂತೀಯಲ್ಲಾ, ನಿಂಗೆ ಯಾವನ್ಲಾ ಮೇಷ್ಟ್ರು ಕೆಲ್ಸ ಕೊಟ್ಟೋನು?"

"ನಾವು ಹಿಡಿದು ಬುಡೋದು. ಹೇಳಿದ್ನಲ್ಲ."

"ಬುಡೋದಾದ್ರೆ ಹಿಡಿಯೋದ್ಯಾಕೆ?"

ರಘುನಂದನ್ ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದವನು. ಹದಿನಾಲ್ಕು ವರ್ಷದಿಂದ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಅಭ್ಯಾಸವಿತ್ತು. ಈ ಪ್ರಶ್ನೆಗೆ ಮಾತ್ರ ಅವನು ಪೊಟ್ಟಣವನ್ನು ತಕ್ಕಡಿಯಿಂದ ಎತ್ತಿ ಪುಟ್ಟರಾಜುವಿನ ತೊಡೆಯ ಮೇಲಿಟ್ಟು ಕೆರೆಯ ಕಡೆ ನೋಡಿದ.

ಇಬ್ಬರೂ ಸಂತೆಬಾಚಹಳ್ಳಿಯ ಹೈಸ್ಕೂಲಿನಲ್ಲಿ ಒಂದೇ ಬೆಂಚು. ಒಬ್ಬ ಪುಸ್ತಕ ಹಿಡಿದು ಪೇಟೆ ಸೇರಿದ, ಇನ್ನೊಬ್ಬ ಹಸುವಿನ ಕೆಚ್ಚಲು ಹಿಡಿದು ಊರಲ್ಲೇ ಉಳಿದ. ಪುಟ್ಟರಾಜುವಿಗೆ ಮೂವತ್ತಾರು. ಮದುವೆಯಾಗಿರಲಿಲ್ಲ, ಬೇಸಾಯದವನಿಗೆ ಹೆಣ್ಣು ಕೊಡುವುದು ಆ ಸೀಮೆಯಲ್ಲಿ ನಿಂತು ಎಷ್ಟೋ ವರ್ಷವಾಗಿತ್ತು. ಮನೆಯಲ್ಲಿ ಅವ್ವ ಮಾದಮ್ಮ, ಅಣ್ಣ ಸೋಮಯ್ಯ, ಐದು ಸೀಮೆ ಹಸು. ಅವ್ವನ ಬೆರಳಿನ ಗೆಣ್ಣುಗಳು ಸೆಟೆದುಕೊಂಡು ಲೋಟ ಹಿಡಿಯುವುದೂ ಕಷ್ಟವಾಗಿತ್ತು. ಅಣ್ಣನ ಕೈ ಮಾತ್ರ ಚೆನ್ನಾಗಿತ್ತು. ಸ್ವಲ್ಪ ಹೆಚ್ಚೇ ಚೆನ್ನಾಗಿತ್ತು. ಅಪ್ಪ ಸತ್ತ ಮೇಲೆ ತಮ್ಮನನ್ನು ತಿದ್ದುವ ಹೊಣೆ ಹೊತ್ತುಕೊಂಡವನು ಇಪ್ಪತ್ತೈದು ವರ್ಷವಾದರೂ ಅದನ್ನು ಕೆಳಗಿಳಿಸಿರಲಿಲ್ಲ. ಬಕೀಟು ಉರುಳಿದರೆ ಒಂದು, ಹುಲ್ಲು ತಡವಾದರೆ ಒಂದು, ಎದುರು ಮಾತಾಡಿದರೆ ಲೆಕ್ಕವಿಲ್ಲ.

ಹಿಮಾಚಲದ ತೀರ್ಥನ್ ಎಂಬ ನದಿಯ ವಿಷಯ ಪುಟ್ಟರಾಜುವಿನ ತಲೆಗೆ ಹೊಕ್ಕಿದ್ದು ರಘುನಂದನ್‌ನ ಮೊಬೈಲಿನಿಂದ. ಮಂಜು ಕರಗಿದ ನೀರು, ಸೊಂಟದವರೆಗೆ ಇಳಿದು ನಿಂತ ಒಬ್ಬ ಮನುಷ್ಯ, ಗಾಳಿಯಲ್ಲಿ ಹಾವಿನಂತೆ ಸುರುಳಿ ಬಿಚ್ಚುವ ದಾರ, ದಾರದ ತುದಿಗೆ ಒಂದು ಸುಳ್ಳು ನೊಣ. ನೀರಿಗೆ ಬಿದ್ದ ನೊಣವೆಂದು ನಂಬಿ ಟ್ರೌಟ್ ಎಂಬ ಮೀನು ನೆಗೆದು ಬಾಯಿ ಹಾಕುತ್ತದೆ. ಪುಟ್ಟರಾಜು ಮೀನನ್ನು ನೋಡಲೇ ಇಲ್ಲ.

"ಆ ಮನ್ಸಂಗೆ ಫೋನು ಬರಾಕಿಲ್ವಾ ಅಲ್ಲಿ?" ಎಂದು ಕೇಳಿದ.

"ಸಿಗ್ನಲ್ಲೇ ಇಲ್ಲ ಕಣ್ಲಾ. ಮೂರು ದಿನ ಮೇಲಕ್ಕೆ ನಡುದ್ರೆ ನರಮನ್ಸರೇ ಇಲ್ಲ."

"ಯಾರೂ ಕೂಗಾಕಿಲ್ಲ."

"ಯಾರವ್ರೆ ಕೂಗಾಕೆ?"

ಅಂದಿನಿಂದ ಅವನಿಗೆ ಬೇರೆ ಯೋಚನೆಯಿರಲಿಲ್ಲ. ಹನ್ನೆರಡು ದಿನ. ಹನ್ನೆರಡು ದಿನ ಅವನ ಬೆನ್ನ ಹಿಂದೆ ಯಾರ ಹೆಜ್ಜೆಯೂ ಇರುವುದಿಲ್ಲ. ಏಪ್ರಿಲ್ ಕೊನೆಯ ಶುಕ್ರವಾರದ ರೈಲಿಗೆ ಬೆಂಗಳೂರಿನಿಂದ ದಿಲ್ಲಿಗೆ ಟಿಕೆಟ್ ಆಯಿತು. ಅಷ್ಟು ದಿನ ಹಸು ಕರೆಯುವವರು ಯಾರು ಎಂಬುದು ಉಳಿಯಿತು. ಅವನು ಮೂರು ವಾರ ಧೈರ್ಯ ಕೂಡಿಸಿ ಅಣ್ಣನನ್ನು ಕೇಳಿದ. ಸೋಮಯ್ಯ ಕಪಾಳಕ್ಕೆ ಒಂದು ಕೊಟ್ಟು, ಆಮೇಲೆ ಬೀಡಿ ಹಚ್ಚಿ, "ಓಗ್ಬಾ. ಎಲ್ಗೂ ಓಗ್ದೋನು ನೀನು. ಹಾಲು ನಾನ್ ಕರ್ಕತೀನಿ," ಎಂದ. ಕಪಾಳ ಉರಿಯುತ್ತಿದ್ದರೂ ಪುಟ್ಟರಾಜುವಿಗೆ ಅಣ್ಣ ಅಷ್ಟು ಒಳ್ಳೆಯವನಾಗಿ ಎಂದೂ ಕಂಡಿರಲಿಲ್ಲ.

ತಾಲೀಮು ಕೆರೆಯಲ್ಲೇ ನಡೆಯಿತು. ಮೊದಲ ದಿನ ಪುಟ್ಟರಾಜು ರಘುನಂದನ್ ತಂದಿದ್ದ ಗಾಳದ ಕೋಲನ್ನು ಹಿಂದಕ್ಕೆ ಬೀಸಿದ ರಭಸಕ್ಕೆ ಕೊಕ್ಕೆ ಹಿಂದೆ ನಿಂತಿದ್ದ ಅವನ ಕಿವಿಗೆ ಸಿಕ್ಕಿತು. ಏನೋ ತೊಡರಿಕೊಂಡಿದೆಯೆಂದು ಇವನು ಇನ್ನೂ ಬಲವಾಗಿ ಜಗ್ಗಿದ. ಕಿವಿಯ ಹಾಲೆ ಅರ್ಧ ಅಂಗುಲ ಸೀಳಿತು, ಅಂಗಿಯ ಹೆಗಲು ರಕ್ತದಲ್ಲಿ ನೆನೆಯಿತು. ಹಸುವಿನ ಗಾಯಕ್ಕೆ ಇಟ್ಟಿದ್ದ ನೇರಳೆ ಔಷಧಿ ಹಚ್ಚಿಕೊಂಡೇ ರಘುನಂದನ್ ಒಂದು ವಾರ ತರಗತಿ ತೆಗೆದುಕೊಂಡ.

ಎರಡನೇ ದಿನ ಅಂಗೈ ಅಗಲದ ಒಂದು ಜಿಲೇಬಿ ಮೀನು ಬಿತ್ತು. "ನಿಧಾನ, ಕೈ ಒದ್ದೆ ಮಾಡ್ಕೊ, ಗಾಳ ಬುಡ್ಸಿ ನೀರಿಗೆ..." ಎಂದು ರಘುನಂದನ್ ಹೇಳಿ ಮುಗಿಸುವುದರೊಳಗೆ ಪುಟ್ಟರಾಜು ಅದರ ಬಾಲ ಹಿಡಿದು ಸೋಪಾನದ ಕಲ್ಲಿಗೆ ಎರಡು ಸಲ ಬಡಿದ. ಮೀನಿನ ಕಣ್ಣು ಹೊರಗೆ ಬಂತು.

"ಏನ್ಲಾ ಮಾಡ್ಬುಟ್ಟೆ!"

ಪುಟ್ಟರಾಜು ಕೈಯಲ್ಲಿದ್ದುದನ್ನು ನೋಡಿದ. "ಗೊತ್ತಾಗ್ಲಿಲ್ಲ ಕಣ್ಲಾ. ಕೈಯಿ, ಅದುರ್ ಪಾಡ್ಗೆ ಅದು ಹೊಡೀತು."

ಅಂಗಡಿಯಿಂದ ತರಿಸಿದ ಸುಳ್ಳು ನೊಣಗಳೆಲ್ಲ ಕೆರೆಯ ಜಾಲಿ ಮುಳ್ಳಿನ ಪಾಲಾದವು. ಹೊಸದನ್ನು ಕೈಯಲ್ಲೇ ಕಟ್ಟಬೇಕಾಯಿತು. ಗಾಳದ ಕೊಕ್ಕೆಗೆ ರೇಷ್ಮೆ ದಾರ ಸುತ್ತಿ, ಅದರ ಮೇಲೆ ಹುಂಜದ ಕುತ್ತಿಗೆಯ ಗರಿ ಸುತ್ತಬೇಕು. ಕೋಳಿ ಅಂಗಡಿಯ ಬಿಳಿ ಗರಿ ನೀರಲ್ಲಿ ಹತ್ತಿಯಂತೆ ಮುದ್ದೆಯಾಗುತ್ತಿತ್ತು. ನಾಟಿ ಹುಂಜವೇ ಬೇಕು, ಕೆಂಪು ಹೊಂಬಣ್ಣದ್ದು, ಉದ್ದ ಕುತ್ತಿಗೆಯದ್ದು ಎಂದ ರಘುನಂದನ್.

ಅಂಥ ಹುಂಜ ಪುಟ್ಟರಾಜುವಿನ ಮನೆಯಲ್ಲೇ ಮಂಕರಿ ಬುಟ್ಟಿಯ ಕೆಳಗಿತ್ತು. ಸೋಮಯ್ಯ ಅದನ್ನು ಮಾರಮ್ಮನಿಗೆಂದು ಬಿಟ್ಟಿದ್ದ. ಅವನ ಹೆಂಡತಿ ರಂಜಿತ ಆರು ವರ್ಷದ ಹಿಂದೆ ಮುಂದಿನ ಒಂದು ಹಲ್ಲನ್ನು ಈ ಮನೆಯಲ್ಲಿ ಬಿಟ್ಟು ಹೊಣಕೆರೆಯ ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ತಮ್ಮ ಹಿಮಾಚಲಕ್ಕೆ ಹೊರಡುವ ಮುಂಚಿನ ಮಂಗಳವಾರ ಹುಂಜ ಒಪ್ಪಿಸಿ, ಅವಳು ಬರುತ್ತಾಳೋ ಇಲ್ಲವೋ ಎಂದು ದೇವಿಯನ್ನೇ ಕೇಳುವುದೆಂದು ಸೋಮಯ್ಯ ಗೊತ್ತುಮಾಡಿದ್ದ. ಅವಳನ್ನೇ ಕೇಳಬಹುದಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳುವವರಿಗೂ ತಮ್ಮ ಹಲ್ಲಿನ ಯೋಚನೆಯಿತ್ತು.

ದೇವರಿಗೆ ಬಿಟ್ಟ ಹುಂಜಕ್ಕೆ ಊನವಿರಬಾರದು. ಕಣ್ಣು, ಜುಟ್ಟು, ಕಾಲಿನ ಉಗುರು ಎಲ್ಲ ಸರಿಯಿರಬೇಕು. ಇದು ಪುಟ್ಟರಾಜುವಿಗೆ ಗೊತ್ತಿಲ್ಲದ್ದಲ್ಲ. ಅವನು ಅದನ್ನು ಚೆನ್ನಾಗಿ ಯೋಚಿಸಿಯೂ ಇದ್ದ. ಕುಯ್ದ ಮೇಲೆ ತಲೆ, ಕುತ್ತಿಗೆ ಪೂಜಾರಿಗೆ ಹೋಗುತ್ತದೆ. ಮಿಕ್ಕದ್ದು ಬಿಸಿನೀರಿಗೆ ಬೀಳುತ್ತದೆ. ಬಿಸಿನೀರು ಕಂಡ ಗರಿಗೆ ಹೊಳಪಿಲ್ಲ, ಕೀಳುವುದಾದರೆ ಮುಂಚೆಯೇ ಕೀಳಬೇಕು. ಕಣ್ಣು ಕಣ್ಣೇ, ಕಾಲು ಕಾಲೇ. ಆದರೆ ಕುತ್ತಿಗೆ? ಮಚ್ಚು ಬೀಳುವುದೇ ಅಲ್ಲಿ. ದೇವಿ ಅದನ್ನು ಊನವೆಂದು ಎಣಿಸಲಾರಳು. ಭಾನುವಾರ ಅಣ್ಣ ಹುಲ್ಲಿಗೆ ಹೋಗಿದ್ದಾಗ ಅವನು ಹುಂಜವನ್ನು ತೊಡೆಸಂದಿಗೆ ಸಿಕ್ಕಿಸಿಕೊಂಡು, ಮೇಲಿನ ಸಾಲು ಬಿಟ್ಟು ಒಳಸಾಲಿನ ಗರಿಗಳನ್ನು ಒಂದೊಂದಾಗಿ ಕಿತ್ತ. ಹುಂಜ ಮೊದಲು ಕಿರುಚಿತು, ಆಮೇಲೆ ಬಾಯಿ ತೆರೆದುಕೊಂಡು ಸುಮ್ಮನಾಯಿತು. ಗರಿಯ ಬುಡದಲ್ಲಿ ಸಾಸಿವೆ ಕಾಳಿನಷ್ಟು ರಕ್ತ. ಹದಿನೆಂಟು ನೊಣಗಳಾದವು. ರಘುನಂದನ್ ಅವನ್ನು ಬೆಳಕಿಗೆ ಹಿಡಿದು, "ನಿಜವಾದ ನೊಣಾನೂ ಇಷ್ಟು ಚಂದ ಇರಾಕಿಲ್ಲ ಕಣ್ಲಾ," ಎಂದ.

ಮಂಗಳವಾರ ಬೆಳಿಗ್ಗೆ ಹೊಲದಂಚಿನ ಮಾರಮ್ಮನ ಗುಡಿಯ ಮುಂದೆ ಸೋಮಯ್ಯ ಸ್ನಾನ ಮಾಡಿ, ಬಿಳಿ ಪಂಚೆಯುಟ್ಟು ನಿಂತಿದ್ದ. ಪೂಜೆ ಮಾಡುವ ಮುದ್ದಯ್ಯ ಹುಂಜದ ಕಾಲಿಗೆ ಅರಿಶಿನ ಹಚ್ಚಿ, ತಲೆಯ ಮೇಲೆ ತಂಬಿಗೆಯ ನೀರು ಬಿಟ್ಟ. ನೀರು ಬಿದ್ದ ಹುಂಜ ಮೈ ಕೊಡವಿದರೆ ದೇವಿ ಒಪ್ಪಿದಳೆಂದು ಅರ್ಥ.

"ಅವ್ಳು ಬರೋದಾದ್ರೆ ಕೊಡವ್ಸವ್ವಾ," ಎಂದ ಸೋಮಯ್ಯ. ಅವನ ದನಿ ಅಷ್ಟು ಮೆತ್ತಗೆ ಹೊರಟದ್ದನ್ನು ತಮ್ಮ ಹಿಂದೆ ಕೇಳಿರಲಿಲ್ಲ.

ಹುಂಜ ಕೊಡವಲಿಲ್ಲ. ಮುದ್ದಯ್ಯ ಇನ್ನೊಂದು ತಂಬಿಗೆ ಬಿಟ್ಟ. ಹುಂಜ ಒಂದು ಕಣ್ಣು ಮುಚ್ಚಿ ಕುತ್ತಿಗೆ ಒಳಕ್ಕೆಳೆದುಕೊಂಡಿತು. ಐದನೇ ತಂಬಿಗೆಗೆ ಮೇಲಿನ ಸಾಲಿನ ಗರಿಗಳೆಲ್ಲ ಮೈಗಂಟಿ, ನಡುವೆ ಗುಲಾಬಿ ಬಣ್ಣದ ಬೋಳು ಚರ್ಮ, ಅದರ ಮೇಲೆ ಹುರುಕಿನಂತೆ ಕಪ್ಪು ಚುಕ್ಕೆಗಳು ಕಂಡವು. ಮುದ್ದಯ್ಯ ಬಗ್ಗಿ ಬೆರಳಾಡಿಸಿದ.

"ಕಿತ್ತವ್ರೆ ಕಣಪ್ಪ. ಕೊಡವಕ್ಕೆ ಇದುಕ್ಕೆ ಏನದೆ? ನೋವ್ಗೆ ಬಿಗ್ಕೊಂಡದೆ. ಊನದ್ದು ತಂದ್ಬುಟ್ಟಿದ್ದೀಯಲ್ಲೋ ಸೋಮಯ್ಯ."

ಸೋಮಯ್ಯ ತಿರುಗಿ ತಮ್ಮನನ್ನು ನೋಡಿದ.

"ಕುತ್ಗೆ ಎಂಗೂ ಕುಯ್ಯೋದೇ ಅಲ್ವಾಣ್ಣ," ಎಂದ ಪುಟ್ಟರಾಜು. ಮನಸ್ಸಿನಲ್ಲಿ ಇದು ಒಳ್ಳೆಯ ವಾದವಾಗಿತ್ತು.

ಮೊದಲ ಏಟು ಕಿವಿಯ ಮೇಲೆ ಬಿತ್ತು. ಎರಡನೆಯದು ಬಾಯಿಗೆ. ಕೆಳಗೆ ಬಿದ್ದವನ ಪಕ್ಕೆಗೆ ಸೋಮಯ್ಯ ಒದ್ದ. ಒದ್ದ ಕಡೆಯೇ ಮತ್ತೆ ಒದ್ದ. ಮುದ್ದಯ್ಯ ಬಿಡಿಸಲು ಹೋಗಲಿಲ್ಲ. ಮಚ್ಚನ್ನು ಮಾತ್ರ ಎತ್ತಿ ಗುಡಿಯ ಒಳಗಿಟ್ಟು ಬಾಗಿಲು ಹಾಕಿದ. ಇದು ಅವನ ಜೀವಮಾನದ ಬುದ್ಧಿವಂತ ಕೆಲಸಗಳಲ್ಲಿ ಒಂದು. ಪುಟ್ಟರಾಜು ಎಂದಿನಂತೆ ಎರಡು ಕೈಯಿಂದ ತಲೆ ಮುಚ್ಚಿಕೊಂಡು ಮಂಡಿ ಮಡಚಿದ. ಈ ಸಲ ಅವನಿಗೆ ಅಷ್ಟು ಕಷ್ಟವಾಗಲಿಲ್ಲ. ಹೊಡೆಯಲಿ. ಇವತ್ತು ಮಂಗಳವಾರ, ನಾಳೆ, ನಾಳಿದ್ದು, ಆಮೇಲೆ ಶುಕ್ರವಾರ.

ಅಷ್ಟರಲ್ಲಿ ಏಟು ನಿಂತಿತು. ಕಣ್ಣು ತೆಗೆದರೆ ಅಣ್ಣ ಮನೆಯ ಕಡೆ ಬಿರಬಿರನೆ ಹೋಗುತ್ತಿದ್ದ.

ಪುಟ್ಟರಾಜು ಎದ್ದು ಓಡಿದ. ಅವನು ಕೊಟ್ಟಿಗೆ ಸೇರುವ ಹೊತ್ತಿಗೆ ಗೋಡೆಗೆ ಒರಗಿಸಿದ್ದ ರಘುನಂದನ್‌ನ ಕೋಲು ಸೋಮಯ್ಯನ ಮಂಡಿಯ ಮೇಲೆ ಎರಡಾಗಿತ್ತು. ತುಂಬಿಟ್ಟಿದ್ದ ಬೆನ್ನುಚೀಲ ಗಂಜಲದ ಗುಂಡಿಯಲ್ಲಿತ್ತು. ನೊಣಗಳ ಡಬ್ಬಿಯನ್ನು ಅವನು ಹಿಮ್ಮಡಿಯಿಂದ ತುಳಿದು, ತಿರುಗಿಸಿ, ಮತ್ತೆ ತುಳಿಯುತ್ತಿದ್ದ.

"ಎಲ್ಗೂ ಓಗಂಗಿಲ್ಲ ನೀನು," ಎಂದ ಸೋಮಯ್ಯ, ಏದುಸಿರಿನಲ್ಲಿ. "ನನ್ ಎಡ್ತಿ ಬರಾಕಿಲ್ಲ, ನೀನೂ ಓಗಾಕಿಲ್ಲ. ಸಾಯೋಗಂಟ ಇಲ್ಲೇ ಬಿದ್ದಿರು. ಸಗಣಿ ಬಾಚ್ಕೊಂಡು."

ಸಗಣಿ ಬಾಚುವ ಸನಿಕೆ ಅಲ್ಲೇ ಇತ್ತು. ಪುಟ್ಟರಾಜು ಅದನ್ನು ಎತ್ತಿಕೊಂಡದ್ದು ಬಾಚಲಿಕ್ಕಲ್ಲ ಎಂಬುದು ಸೋಮಯ್ಯನಿಗೆ ತಡವಾಗಿ ತಿಳಿಯಿತು. ಅವನು ಅಡ್ಡ ಹಿಡಿದ ಬಲ ಮುಂಗೈಗೆ ಸನಿಕೆಯ ಕಬ್ಬಿಣ ಬಿದ್ದಾಗ ಒಣ ಸೌದೆ ಮುರಿದಂಥ ಸದ್ದಾಯಿತು. ಐದು ಹಸುಗಳೂ ಒಟ್ಟಿಗೆ ತಲೆ ಎತ್ತಿದವು. ಸೋಮಯ್ಯ ಗೋಡೆಗೆ ಜಾರಿ ಕೂತು, ಎಡಗೈ ಮುಂದೆ ಚಾಚಿ, "ಬ್ಯಾಡ ಕಣ್ಲಾ ಪುಟ್ಟ," ಎಂದ.

ಎರಡನೇ ಏಟಿನ ಅಗತ್ಯವಿರಲಿಲ್ಲ. ಅದು ಚಾಚಿದ ಎಡಗೈಯ ಮೇಲೆ ಬಿತ್ತು. ಅದು ಬಿದ್ದ ಮೇಲೂ ಪುಟ್ಟರಾಜು ಸನಿಕೆಯನ್ನು ಹಾಗೇ ಎತ್ತಿ ಹಿಡಿದಿದ್ದ. ಮೂರನೆಯದು ತಲೆಗೆ ಹೋಗುವುದರಲ್ಲಿತ್ತು. ಗೋಡೆಯ ಬುಡದಲ್ಲಿ ಅಣ್ಣ ಮಂಡಿ ಮಡಚಿ, ಹಿಡಿಯಲಾಗದ ಎರಡು ಕೈಯಿಂದ ತಲೆ ಮುಚ್ಚಿಕೊಳ್ಳಲು ನೋಡುತ್ತಿದ್ದ. ಆ ಭಂಗಿ ಪುಟ್ಟರಾಜುವಿಗೆ ಚೆನ್ನಾಗಿ ಗೊತ್ತಿತ್ತು. ಅವನು ಸನಿಕೆ ಕೆಳಗಿಟ್ಟ.

ಮಾದಮ್ಮ ಬಾಗಿಲಲ್ಲಿ ಬಂದು ನಿಂತಳು. ಹಿರಿಮಗನ ಕೈ ನೋಡಿದಳು, ಕಿರಿಮಗನ ಬಾಯಿಯ ರಕ್ತ ನೋಡಿದಳು. ಅಳಲಿಲ್ಲ.

"ಆಯ್ತಾ ಇಬ್ರುದೂವೆ? ಎದ್ದು ಪ್ಯಾಟೆಗೋಗಿ ಕಟ್ಟಾಕ್ಸ್ಕೊಂಡ್ ಬನ್ನಿ. ಸಂದ್ಯಾಕೆ ಡೈರಿಗೆ ಹಾಲು ಹಾಕ್ಬೇಕು."

ಪುಟ್ಟರಾಜು ಅಣ್ಣನನ್ನು ಬೈಕಿನ ಹಿಂದೆ ಕೂರಿಸಿ, ಬೀಳದಂತೆ ಟವೆಲಿನಿಂದ ತನ್ನ ಸೊಂಟಕ್ಕೆ ಬಿಗಿದುಕೊಂಡು ಕೆ.ಆರ್. ಪೇಟೆಗೆ ಹೋದ. ಹಳ್ಳ ಬಂದಾಗಲೆಲ್ಲ ಸೋಮಯ್ಯನ ಹಣೆ ಇವನ ಬೆನ್ನಿಗೆ ತಾಗುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಎರಡೂ ಕೈಯ ಎಕ್ಸ್‌ರೇ ಫೋಟೋ ಬೆಳಕಿಗೆ ಹಿಡಿದು ಹೇಗಾಯಿತೆಂದು ಕೇಳಿದರು.

"ಹಸ ಒದೀತು," ಎಂದ ಸೋಮಯ್ಯ. ಆರು ವರ್ಷದ ಹಿಂದೆ ಹೆಂಡತಿಯ ಹಲ್ಲಿಗೂ ಅವನು ಇದನ್ನೇ ಹೇಳಿದ್ದ.

"ಎರಡೂ ಕೈಗಾ?"

"ಒಳ್ಳೆ ಹಸ ಸಾರ್ ಅದು. ಬುಡಿ."

ಡಾಕ್ಟರು ಪುಟ್ಟರಾಜುವಿನ ಒಡೆದ ತುಟಿ ನೋಡಿ, ಆ ಹಸುವಿನ ಬಗ್ಗೆ ಮುಂದಕ್ಕೆ ಕೇಳದೆ, ಆರು ವಾರದ ಪಟ್ಟಿ ಹಾಕಿದರು.

ರಘುನಂದನ್ ಬುಧವಾರ ಬಂದ. ಮುರಿದ ಕೋಲಿನ ಎರಡು ತುಂಡನ್ನೂ ಒಂದಕ್ಕೊಂದು ಜೋಡಿಸಿ ನೋಡಿ, ಹುಂಜ ಕೊಡವದೆ ಇದ್ದುದಕ್ಕೆ ಪ್ರಾಣಿಶಾಸ್ತ್ರದ ಪ್ರಕಾರ ಮುದ್ದಯ್ಯ ಹೇಳಿದ್ದೇ ಸರಿ ಎಂದ. ಆಮೇಲೆ, "ಕೋಲು ಅಲ್ಲೇ ಬಾಡ್ಗೆಗೆ ಸಿಗ್ತದೆ ಬಾರ್ಲಾ. ಹಾಲು ಕರೆಯಾಕೆ ಯಾರ್ನಾದ್ರೂ ಇಡು," ಎಂದ. ಪುಟ್ಟರಾಜು ಪಕ್ಕದ ಮನೆಯ ಶಿವಣ್ಣನನ್ನು ಕರೆತಂದು ಕೂರಿಸಿದ. ಹೊಸ ಕೈ ತಾಗಿದ್ದೇ ಹಸುಗಳು ಕೆಚ್ಚಲು ಬಿಗಿದುಕೊಂಡವು, ಸೊರೆ ಬಿಡಲಿಲ್ಲ. ಅರ್ಧ ಗಂಟೆ ಎಳೆದರೂ ಬಕೀಟಿನ ತಳ ಮುಚ್ಚಲಿಲ್ಲ. ಮೂರನೆಯ ಹಸು ಶಿವಣ್ಣನ ಮೊಣಕಾಲಿಗೆ ಒದ್ದಿತು. ಈ ಸಲ ಅದು ನಿಜಕ್ಕೂ ಹಸುವೇ.

ಗುರುವಾರ ಬೆಳಗಿನ ಜಾವ ಬಕೀಟಿನ ಸದ್ದಿಗೆ ಪುಟ್ಟರಾಜು ಎದ್ದು ಹೋದ. ಕೊಟ್ಟಿಗೆಯಲ್ಲಿ ಸೋಮಯ್ಯ ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಬಲಗೈ ಕೊರಳಿಗೆ ನೇತುಬಿದ್ದಿತ್ತು. ಎಡಗೈಯ ಪಟ್ಟಿಯಿಂದ ಹೊರಗೆ ಉಳಿದಿದ್ದ ಎರಡು ಬೆರಳುಗಳ ನಡುವೆ ಮೊಲೆತೊಟ್ಟು ಹಿಡಿಯಲು ನೋಡುತ್ತಿದ್ದ. ಬೆರಳುಗಳು ಬದನೆಕಾಯಿಯಂತೆ ಊದಿದ್ದವು. ಹಣೆಯ ಬೆವರು ಹಸುವಿನ ಹೊಟ್ಟೆಗೆ ಹತ್ತಿತ್ತು. ಬಕೀಟು ಒಣಗಿತ್ತು.

"ಹಾಲು ಬರ್ತದೆ ಕಣ್ಲಾ, ಇನ್ನೊಂಚೂರು ಹೊತ್ತು," ಎಂದ ಸೋಮಯ್ಯ, ತಿರುಗಿ ನೋಡದೆ. "ನೀನು ಬಟ್ಟೆ ಜೋಡ್ಸ್ಕೊ ಓಗು."

ಪುಟ್ಟರಾಜು ಅವನ ಕಂಕುಳಿಗೆ ಕೈ ಹಾಕಿ ಎಬ್ಬಿಸಿ, ಅದೇ ಜಾಗದಲ್ಲಿ ತಾನು ಕೂತ.

ಶುಕ್ರವಾರದ ರೈಲಿಗೆ ರಘುನಂದನ್ ಒಬ್ಬನೇ ಹೋದ. ಪುಟ್ಟರಾಜು ಹೋಗಲಿಲ್ಲ.