ಪಟ್ಟೆ ಸೊಳ್ಳೆಗೆ ಚಿಕ್ಕಪ್ಪನ ಕೈ

ಚಿಕ್ಕಪ್ಪ ಹಡಗಿನಲ್ಲಿ ಹಳೇ ಟೈರು ತರಿಸಿ ಮಾರುತ್ತಾನೆ. ನಾನು ಪ್ರಯೋಗಾಲಯದಲ್ಲಿ ಸೊಳ್ಳೆ ಸಾಕುತ್ತೇನೆ. ಅವನ ಟೈರುಗಳಿಗೆ ಅಂಟಿಕೊಂಡು ಬಂದ ಪಟ್ಟೆ ಸೊಳ್ಳೆ ನನ್ನ ಅಕ್ಕನನ್ನು ಕೊಂದಿತು. ಇದನ್ನು ಸುತ್ತಿ ಬಳಸಿ ಹೇಳುವ ತಾಳ್ಮೆ ನನಗಿಲ್ಲ.

ಆ ಟೈರುಗಳು ಬಂದ ವರ್ಷ, ರಾತ್ರಿ ಕಿವಿಯ ಹತ್ತಿರ ಗುಂಯ್‌ಗುಡುತ್ತಿದ್ದ ನಮ್ಮ ಬೀದಿಯ ಹಳೇ ಸೊಳ್ಳೆ ಕಡಿಮೆಯಾಯಿತು. "ನೋಡಿದ್ರಾ ನನ್ನ ಕಾಲ್ಗುಣ!" ಎಂದು ಚಿಕ್ಕಪ್ಪ ಮೀಸೆ ತಿರುವಿದ. ಮಧ್ಯಾಹ್ನವೂ ಸೊಳ್ಳೆ ಪರದೆಯೊಳಗೇ ಮಲಗುತ್ತಿದ್ದ ಅಕ್ಕ ಅವನನ್ನು ನಂಬಿ ಅದನ್ನು ಬಿಚ್ಚಿ ಕಪಾಟಿಗೆ ಹಾಕಿದಳು. ಹೊಸ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಸದ್ದಿಲ್ಲದೆ. ಜ್ವರ ಬಂತು, ಆ ವಾರವೇ ಹೋದಳು. "ಹಣೆಬರಹ ಕಣಮ್ಮ" ಅಂದ ಚಿಕ್ಕಪ್ಪ, ಅವಳ ಹೆಣದ ಮುಂದೆ ನಿಂತು. ಅವತ್ತಿನಿಂದ ನನ್ನ ಹೊಟ್ಟೆಯಲ್ಲಿ ಬೆಂಕಿ.

ಮೊನ್ನೆ ಅವನೇ ಪ್ರಯೋಗಾಲಯಕ್ಕೆ ಬಂದ. ಹೊಸ ಸರಕು ಬಂದರಿನಲ್ಲಿ ನಿಂತಿತ್ತು. ಅದರಲ್ಲಿ ಸೊಳ್ಳೆಯಿಲ್ಲ ಎಂದು ನಾವು ಹೇಳಿದರೆ ಮಾತ್ರ ಬಿಡುತ್ತಾರೆ.

"ನೀರೆಲ್ಲಾ ಚೆಲ್ಲಿ ಬಿಸಿಲಿಗೆ ಒಣಗಿಸಿದೀನಿ ಮಗಳೇ. ನೀರಿಲ್ದೆ ಸೊಳ್ಳೆ ಎಲ್ಲಿಂದ ಬರುತ್ತೆ?"

"ಮೊಟ್ಟೆ ಒಣ ರಬ್ಬರಿಗೇ ಅಂಟ್ಕೊಂಡು ತಿಂಗಳುಗಟ್ಟಲೆ ಕಾಯುತ್ತೆ ಚಿಕ್ಕಪ್ಪ. ಮಳೆ ನೀರು ತುಂಬಿದ್ರೆ ಸಾಕು, ಮರಿ ಆಗುತ್ತೆ."

ಅವನ ಅಂಗಳದ ಟೈರಿನಿಂದ ಕೆರೆದ ಮೊಟ್ಟೆಗಳನ್ನೂ ನಮ್ಮ ಬೀದಿಯ ಸೊಳ್ಳೆಯ ಮೊಟ್ಟೆಗಳನ್ನೂ ಒಂದೇ ತಟ್ಟೆಯ ನೀರಿಗೆ ಸಮಸಮ ಹಾಕಿದ್ದೆ. ಹೊಸ ಮರಿಗಳು ಆಹಾರವನ್ನೆಲ್ಲ ಬಾಚಿಕೊಂಡವು, ಹಳೆಯವು ಸೊರಗಿ ಸತ್ತವು. ರೆಕ್ಕೆ ಬಂದು ಪಂಜರ ಸೇರಿದ್ದು ಪಟ್ಟೆಯವು ಮಾತ್ರ. ಅದನ್ನೇ ತೋರಿಸಿದೆ.

ಚಿಕ್ಕಪ್ಪ ನಕ್ಕ. "ಇಷ್ಟು ಸಣ್ಣ ಹುಳಕ್ಕಾ? ಗುಡ್ಡ ಅಗೆದು ಇಲಿ ಹಿಡಿದ ಹಾಗಾಯ್ತು."

"ಹಾಗಾದ್ರೆ ಒಳಗೆ ಕೈ ಇಡಿ. ಇವಕ್ಕೆ ಊಟದ ಹೊತ್ತು. ದಿನಾ ನನ್ನ ಕೈಯೇ ಕೊಡೋದು."

ಪಕ್ಕದ ಮೇಜಿನವರು ನೋಡುತ್ತಿದ್ದರು. ಮೀಸೆಯ ಮಾನ ಉಳಿಯಬೇಕಲ್ಲ! ಅಂಗಿಯ ತೋಳು ಮಡಚಿ ಪಂಜರದೊಳಗೆ ಕೈ ತೂರಿಸಿದ. ಹೆಣ್ಣು ಸೊಳ್ಳೆಗಳು ಮುತ್ತಿಕೊಂಡು ಹೊಟ್ಟೆ ಕೆಂಪಾಗುವವರೆಗೂ ಹೀರಿದವು. ಅವನು ಬೆವರಿದ. ನನ್ನ ಹೊಟ್ಟೆ ತಣ್ಣಗಾಯಿತು.

"ನಿಮ್ಮಕ್ಕನ್ನ ಕಚ್ಚಿದ್ದು ಇದೇ ಜಾತೀನಾ?" ಕೈ ತೆಗೆದು ಮೆಲ್ಲಗೆ ಕೇಳಿದ.

"ಇದೇ."

"ನನಗೂ ಜ್ವರ ಬರುತ್ತಾ?"

ಇಲ್ಲೇ ಹುಟ್ಟಿ ಬೆಳೆದ ಸೊಳ್ಳೆಗಳಿಗೆ ರೋಗವಿಲ್ಲ. ಇದ್ದಿದ್ದರೆ ನಾನು ದಿನಾ ಕೈ ಕೊಡುತ್ತಿದ್ದೆನೇ? ಅಷ್ಟು ಯೋಚಿಸುವ ಬುದ್ಧಿ ಆಗ ಅವನಿಗೆ ಉಳಿದಿರಲಿಲ್ಲ.

"ಹಣೆಬರಹ ಚಿಕ್ಕಪ್ಪ" ಅಂದೆ.

ಸೊಳ್ಳೆಯಿಲ್ಲ ಎಂದು ನಾವು ಬರೆದುಕೊಡಲಿಲ್ಲ, ಸರಕು ಬಂದರಿನಿಂದಲೇ ವಾಪಸ್ ಹೋಯಿತು. ನಿನ್ನೆ ಚಿಕ್ಕಮ್ಮ ಫೋನ್ ಮಾಡಿದ್ದಳು. "ಹೊತ್ತುಹೊತ್ತಿಗೂ ಹಣೆ ಮುಟ್ಟಿ ನೋಡ್ಕೊಳ್ತಾರೆ, ಊಟ ಸೇರ್ತಿಲ್ಲ. ಏನಾಯ್ತೇ?"

ನಿಜ ಹೇಳಿಬಿಡಲೇ ಅನಿಸಿತು. ಕಪಾಟಿನ ಬಾಗಿಲು ತೆರೆದಿತ್ತು, ಅಕ್ಕ ಮಡಚಿಟ್ಟ ಪರದೆ ಕಾಣುತ್ತಿತ್ತು. ಏನೂ ಗೊತ್ತಿಲ್ಲ ಚಿಕ್ಕಮ್ಮ ಎಂದು ಫೋನ್ ಇಟ್ಟೆ.