ಕರಿ ಕಿಟಕಿ, ಬಿಳಿ ಕಿಟಕಿ

ತಪ್ಪು ಕಂಪ್ಯೂಟರಿನ ಆ ಬಿಳಿ ಕಿಟಕಿಯದೋ, ಅದನ್ನು ತಂದು ಹಾಕಿದ ತನ್ನದೋ? ಹುಡುಗರಿಗಂತೂ ಅದೇ ಸಲೀಸು. ಸಲೀಸಾದದ್ದನ್ನೇ ಆರಿಸಬೇಕಲ್ಲವೇ? ಹಾಗಾದರೆ ಮತ್ತೆ ಮತ್ತೆ ಇದೇ ಪ್ರಶ್ನೆ ಯಾಕೆ?

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೊರಟ ಸಂಜೆಯ ಬಸ್ಸಿನಲ್ಲಿ ಬಸವಕುಮಾರನ ತಲೆ ಗಾಣದ ಎತ್ತಿನಂತೆ ಅಲ್ಲಲ್ಲೇ ಸುತ್ತುತ್ತಿತ್ತು. ಪಕ್ಕದಲ್ಲಿ ಮಹಾರುದ್ರಪ್ಪ ಸರ್ ಕಣ್ಣು ಮುಚ್ಚಿ ಕೂತಿದ್ದರು. ಒಂದು ಕಾಲಕ್ಕೆ ಬಸವಕಲ್ಯಾಣದ ಕಾಲೇಜಿನಲ್ಲಿ ಅವನಿಗೆ ಗಣಿತ ಕಲಿಸಿದವರು. ಈಗ ಅದೇ ಕಾಲೇಜಿನಲ್ಲಿ ಅವನು ಅತಿಥಿ ಉಪನ್ಯಾಸಕ. ಇಬ್ಬರೂ ಹುಮನಾಬಾದಿನವರೇ ಆದ್ದರಿಂದ ಬಸ್ಸೂ ಒಂದೇ, ಮೌನವೂ ಒಂದೇ. ದಾರಿಯುದ್ದಕ್ಕೂ ಮಾತಾಡದೆ ಕೂತರೂ ಬೇಸರವಾಗದ ಮನುಷ್ಯ ಅವನಿಗೆ ಸಿಕ್ಕಿದ್ದು ಅವರೊಬ್ಬರೇ. ಆದರೆ ಆ ಶುಕ್ರವಾರದ ಮೌನ ಬೇರೆ ಥರದ್ದು.

ಎರಡು ಸಾವಿರದ ಒಂಬತ್ತನೆಯ ಇಸವಿ. ಆ ವರ್ಷ ಬಿ.ಎಸ್ಸಿ. ಗಣಿತಕ್ಕೂ ಪ್ರಾಕ್ಟಿಕಲ್ ಬಂದಿತ್ತು. ಸಮೀಕರಣಗಳನ್ನು ಬಿಡಿಸಿಕೊಡುವ ಮ್ಯಾಕ್ಸಿಮಾ ಎಂಬ ಪುಕ್ಕಟೆ ತಂತ್ರಾಂಶವನ್ನು ಲ್ಯಾಬಿನ ಕಂಪ್ಯೂಟರುಗಳಿಗೆ ಹಾಕುವ ಕೆಲಸ ಕುಮಾರನ ಪಾಲಿಗೆ ಬಿತ್ತು. ಅದನ್ನು ಎರಡು ರೀತಿ ತೆರೆಯಬಹುದಿತ್ತು. ಒಂದು, ಕರಿ ಪರದೆಯ ಮೇಲೆ ಸಾಲು ಸಾಲಾಗಿ ಟೈಪು ಮಾಡುತ್ತ ಹೋಗುವ ಬರೀ ಕಿಟಕಿ. ಇನ್ನೊಂದು ಬಟನ್ನು, ಮೆನು ಎಲ್ಲ ಇರುವ ಬಿಳಿ ಕಿಟಕಿ. ಅದರಲ್ಲಿ ಬರೆದದ್ದನ್ನು ಮೇಲೆ ಹೋಗಿ ಬೇಕಾದಾಗ ತಿದ್ದಬಹುದು. ಎರಡನ್ನೂ ನೋಡಿ ಒಂದನ್ನು ಖಾಯಂ ಮಾಡಿ ಎಂದಿದ್ದರು ಪ್ರಿನ್ಸಿಪಾಲರು. ಕುಮಾರ ಮೊದಲು ಬಿಳಿಯದನ್ನು ಹಾಕಿದ್ದ.

ಮಹಾರುದ್ರಪ್ಪ ಸರ್ ಕಪ್ಪು ಹಲಗೆಯ ಮನುಷ್ಯ. ಒಂದು ಅಂಕಿ ತಪ್ಪಿದರೆ ಡಸ್ಟರು ಮುಟ್ಟುತ್ತಿರಲಿಲ್ಲ. ಬೆರಳ ತುದಿಯಿಂದ ಅಷ್ಟನ್ನೇ ಒರೆಸಿ, ಸರಿಯಾದದ್ದು ಬರೆದು, ಅಲ್ಲಿಂದ ಕೆಳಗಿನ ಪ್ರತಿ ಸಾಲನ್ನೂ ತಿದ್ದುತ್ತ ಬರುತ್ತಿದ್ದರು. ಆ ಶುಕ್ರವಾರ ಲ್ಯಾಬಿನಲ್ಲಿಯೂ ಹಾಗೇ ಮೇಲಿನ ಸಾಲಿನ ಮೂರನ್ನು ಐದು ಮಾಡಿದರು. ಲೆಕ್ಕ ಮಾಡುವ ಯಂತ್ರ ತಾನೇ, ಕೆಳಗಿನದೆಲ್ಲ ತನ್ನಷ್ಟಕ್ಕೆ ಬದಲಾಗಿರುತ್ತದೆ ಎಂದುಕೊಂಡು ಕೊನೆಯ ಉತ್ತರವನ್ನು ಗಟ್ಟಿಯಾಗಿ ಓದಿದರು. ಅದು ಹಳೆಯ ಉತ್ತರ; ಕೆಳಗಿನ ಸಾಲುಗಳನ್ನು ಮತ್ತೆ ಓಡಿಸದೆ ಅವು ಬದಲಾಗುತ್ತಿರಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು, "ಸರ್, ಉತ್ತರ ಗಲತ್ ಐತ್ರಿ" ಎಂದಳು. ಹಿಂದಿನವರು ನಕ್ಕರು. ಇಷ್ಟು ವರ್ಷ ಆ ಕಾಲೇಜಿನಲ್ಲಿ ಅವರ ಉತ್ತರಕ್ಕೆ ಯಾರೂ ನಕ್ಕಿರಲಿಲ್ಲ.

ಹುಮನಾಬಾದಿನ ಬಸ್‌ಸ್ಟ್ಯಾಂಡು ಹತ್ತಿರ ಬಂದಾಗ ಸರ್ ಕಣ್ಣು ತೆರೆದರು.

"ಕುಮಾರ, ಸೋಮವಾರ ಪ್ರಿನ್ಸಿಪಾಲರಿಗೆ ಹೇಳಿಬಿಡ್ತೀನಿ. ಇನ್ನ ಸಾಕು. ರಿಟೈರ್ ಆಗೂಕಿಂತ ಎರಡ ವರ್ಷ ಮೊದಲ ಮನ್ಯಾಗ ಕೂತ್ರ ಏನೂ ಮುಳುಗಂಗಿಲ್ಲ."

ಕುಮಾರ, ರವಿವಾರ ತನ್ನ ಖೋಲಿಗೆ ಒಮ್ಮೆ ಬರಬೇಕು, ಇನ್ನೊಂದು ಕಿಟಕಿ ತೋರಿಸುವುದಿದೆ ಎಂದಷ್ಟೇ ಅಂದ.

ರವಿವಾರ ಅವರು ಬಂದರು. ಬರುವ ಮನಸ್ಸಿರಲಿಲ್ಲವಂತೆ, ಹೆಂಡತಿ ಸೂಗಮ್ಮ ಕೈಗೆ ಶೇಂಗಾ ಹೋಳಿಗೆಯ ಡಬ್ಬಿ ಕೊಟ್ಟು, ಮನೆಯಲ್ಲಿ ಕೂಡುವವರು ಮೊದಲು ಕಾಯಿಪಲ್ಯ ಸೋಸಿ ಹಸನು ಮಾಡುವುದನ್ನು ಕಲಿಯಲಿ, ಅದಕ್ಕೂ ಪ್ರಾಕ್ಟಿಕಲ್ ಇದೆ ಎಂದು ಚುಚ್ಚಿ ಕಳಿಸಿದ್ದರಂತೆ.

ಕುಮಾರ ತನ್ನ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರಿನಲ್ಲಿ ಕರಿ ಕಿಟಕಿ ತೆರೆದು ಅಕ್ಷರ ದೊಡ್ಡದು ಮಾಡಿಕೊಟ್ಟ. ಸರ್ ಒಂದು ಬೆರಳಿನಿಂದ ಹುಡುಕಿ ಹುಡುಕಿ ಸಮೀಕರಣ ಬರೆದರು. ಎಂಟರ್ ಒತ್ತಿದರು. ಏನೂ ಆಗಲಿಲ್ಲ. ಅವರು ಕೈ ಮಡಿಲಲ್ಲಿಟ್ಟುಕೊಂಡು ಕಾಯತೊಡಗಿದರು. ಸಾಲಿನ ಕೊನೆಗೆ ಅರ್ಧವಿರಾಮ, ಅಂದರೆ ಸೆಮಿಕೋಲನ್, ಹಾಕದಿದ್ದರೆ ಅದು ಉತ್ತರ ಕೊಡುವುದಿಲ್ಲ ಎಂದು ಕುಮಾರ ಬಾಯಿ ತೆರೆಯುವಷ್ಟರಲ್ಲಿ ಅವರು ಕೈ ಎತ್ತಿ ತಡೆದರು.

"ತಡಿಯೋ. ವಿಚಾರ ಮಾಡಾಕತ್ತೈತಿ."

ಹಲಗೆಯ ಮುಂದೆ ನಿಂತ ಹುಡುಗನಿಗೆ ಅವರು ಕೊಡುತ್ತಿದ್ದ ಪುರುಸೊತ್ತು ಅದೇ. ಉತ್ತರಕ್ಕೆ ತಡಕಾಡುತ್ತ ಹೀಗೆ ಅವರ ಮುಂದೆ ನಿಂತ ದಿನಗಳು ಕುಮಾರನಿಗೆ ನೆನಪಾದವು. ಆಗ ಅವರು ಒಮ್ಮೆಯೂ ಅವಸರ ಮಾಡಿರಲಿಲ್ಲ. ಅವನೂ ಸುಮ್ಮನೆ ಕೂತ. ಹೊರಗೆ ಹೆದ್ದಾರಿಯ ಲಾರಿಗಳು ಹೋದವು. ಬಹಳ ಹೊತ್ತಾದ ಮೇಲೆ ಮೆಲ್ಲಗೆ ಅಂದ:

"ಸರ್, ಅದು ವಿಚಾರ ಮಾಡಾಕತ್ತಿಲ್ರಿ. ನಿಮ್ಮ ಮಾತು ಮುಗಿಲಿ ಅಂತ ಕಾಯಾಕತ್ತೈತ್ರಿ."

ಅವನು ಆ ಚಿಹ್ನೆ ಇರುವ ಕೀಲಿ ತೋರಿಸಿದ. ಒತ್ತಿದರು, ಎಂಟರ್ ಕೊಟ್ಟರು, ಉತ್ತರ ಬಂತು. ಸರ್ ಪರದೆಯನ್ನೇ ನೋಡುತ್ತಿದ್ದವರು ಮೈಯೆಲ್ಲ ಕುಲುಕುವಂತೆ ನಕ್ಕರು.

"ಅಂದ್ರ ಅದು ನನ್ನ ಹಾದಿ ನೋಡಾಕತ್ತಿತ್ತು, ನಾ ಅದರ ಹಾದಿ ನೋಡಾಕತ್ತಿದ್ದೆ! ನನ್ನ ಮಾತು ಮುಗಿಯೂತನ ಕಾಯೂದು ಕಾಲೇಜಿನ್ಯಾಗ ಇದೊಂದ ನೋಡು."

ಮತ್ತೆ ಬೇಕೆಂದೇ ಒಂದು ಅಂಕಿ ತಪ್ಪು ಬರೆದು ನೋಡಿದರು. ಮೇಲೆ ಹೋಗಿ ತಿದ್ದಲು ಬರಲಿಲ್ಲ. ಕೆಳಗೆ ಹೊಸದಾಗಿಯೇ ಬರೆಯಬೇಕಾಯಿತು. ತಪ್ಪು ಮೇಲೆ ಹಾಗೇ ಉಳಿಯಿತು.

"ಇರ್ಲಿ ಬಿಡು. ಕಣ್ಣಮುಂದ ಇದ್ರ ಫಿಕರ್ ಇಲ್ಲ. ಬಿಳೀದ್ರಾಗ ಎಲ್ಲಿ ಅಡಗಿರ್ತೈತಿ ಗೊತ್ತಾಗಂಗಿಲ್ಲ."

ಮಧ್ಯಾಹ್ನ ಊಟದ ಹೊತ್ತು ಮೀರಿತು. ಡಬ್ಬಿಯ ಹೋಳಿಗೆಯನ್ನು ಇಬ್ಬರೂ ಅಲ್ಲೇ ತಿಂದು ಮುಗಿಸಿದರು.

ಸೋಮವಾರ ಕುಮಾರ ಸರ್‌ಗಿಂತ ಮೊದಲೇ ಪ್ರಿನ್ಸಿಪಾಲರ ಕೋಣೆಗೆ ಹೋದ. ಲ್ಯಾಬಿನ ಮಷೀನುಗಳು ಹಳೆಯವು, ಬಿಳಿ ಕಿಟಕಿಯ ಭಾರ ತಡೆಯುವುದಿಲ್ಲ, ನಡುವೆ ನಿಂತುಬಿಡುತ್ತವೆ, ಕರಿಯದೇ ವಾಸಿ ಎಂದ. ಅವರಿಗೆ ಅದರ ಗೊಡವೆ ಬೇಕಿರಲಿಲ್ಲ, ಆಯಿತು ಎಂದರು. ಹುಡುಗರು ಬಟನ್ನು ಹೋಯಿತೆಂದು ವಾರಗಟ್ಟಲೆ ಗೊಣಗಿದರು. ಕೆಲವರಿಗೆ ಆಜ್ಞೆಗಳು ಬಾಯಿಪಾಠವಾದವು, ಕೆಲವರು ಕೊನೆಯವರೆಗೂ ಪರದಾಡಿದರು. ಅವರಿಗೆ ಅನ್ಯಾಯ ಮಾಡಿದೆನೇ ಎಂಬ ಪ್ರಶ್ನೆ ಕುಮಾರನನ್ನು ಪೂರ್ತಿ ಬಿಡಲಿಲ್ಲ.

ಸರ್ ಮಾತ್ರ ಪ್ರಿನ್ಸಿಪಾಲರಿಗೆ ಏನೂ ಹೇಳಲಿಲ್ಲ. ಲ್ಯಾಬಿನಲ್ಲಿ ಒಂದು ಸಾಲು ಬರೆಯುವುದು, ನಿಲ್ಲುವುದು, ಹುಡುಗರ ಮುಖ ನೋಡುವುದು, ಆಮೇಲೆ ಅರ್ಧವಿರಾಮ ಒತ್ತುವುದು. ಹಿಂದೆ ಗೋಡೆಗೆ ಒರಗಿ ನಿಂತ ಕುಮಾರ ಆ ನಡುವಿನ ನಿಶ್ಶಬ್ದವನ್ನು ಕೇಳುತ್ತಿದ್ದ.

ಒಂದು ಸಂಜೆ ಬಸ್ಸು ರಾಜೇಶ್ವರ ದಾಟುವಾಗ ಸರ್ ಕೇಳಿದರು: "ಆ ಬಿಳೀದು ಖರೇನ ಓಡಂಗಿಲ್ಲೇನು?"

"ಹಳೇ ಮಷೀನ್ ಅವಲ್ರಿ ಸರ್" ಎಂದ ಕುಮಾರ.

ಸರ್ ಅವನನ್ನು ಸ್ವಲ್ಪ ಹೊತ್ತು ನೋಡಿ, ಮತ್ತೆ ಕಣ್ಣು ಮುಚ್ಚಿಕೊಂಡರು.

ಉಳಿದ ಎರಡು ವರ್ಷ ಪೂರೈಸಿಯೇ ಅವರು ನಿವೃತ್ತರಾದರು. ಬಿಳಿ ಕಿಟಕಿ ಆ ಮಷೀನುಗಳಲ್ಲಿ ಯಾವ ತೊಂದರೆಯೂ ಇಲ್ಲದೆ ಓಡುತ್ತಿತ್ತೆಂದು ಬಸವಕುಮಾರ ಅವರಿಗೆ ಎಂದೂ ಹೇಳಲಿಲ್ಲ.